ವೈರಸ್ ಸೋಂಕಿಗೂ ಮಕ್ಕಳ ಬೊಜ್ಜಿಗೂ ನಂಟಿದೆಯೇ? ಅಡೆನೋವೈರಸ್-36 ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಗಡಿ, ಭೇದಿ ತರುವಂಥ ವೈರಸ್‌ನಿಂದ ಮಗು ದಪ್ಪಗಾಗುತ್ತದೆ ಅನ್ನುವುದು ನಿಜವೇ?

ಕೋಳಿ, ಇಲಿ, ಮಂಗಗಳಲ್ಲಿ ನಿಜ. ವೈರಸ್ ಚುಚ್ಚಿದ ಪ್ರಾಣಿಗಳಲ್ಲಿ ಕೊಬ್ಬು ಹೆಚ್ಚಾಗಿದ್ದನ್ನು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ಮಕ್ಕಳ ವಿಷಯದಲ್ಲಿ ಇಷ್ಟು ಮಾತ್ರ ಹೇಳಬಹುದು: ಬೊಜ್ಜಿರುವ ಮಕ್ಕಳ ರಕ್ತದಲ್ಲಿ ಅಡೆನೋವೈರಸ್-36ರ ಹಳೇ ಸೋಂಕಿನ ಗುರುತು ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಸಿಕ್ಕಿದೆ. ಆದರೆ ಬೊಜ್ಜಿಗೆ ಆ ವೈರಸ್ಸೇ ಕಾರಣ ಎಂದು ಸಾಬೀತಾಗಿಲ್ಲ. ಮಗುವಿನ ಮೇಲೆ ವೈರಸ್ ಪ್ರಯೋಗಿಸಿ ನೋಡುವುದು ಯಾವ ಕಾಲಕ್ಕೂ ಸಲ್ಲದ ಕೆಲಸ. ಹಾಗಾಗಿ ಪ್ರಾಣಿಗಳಲ್ಲಿ ಸಿಕ್ಕಷ್ಟು ನೇರವಾದ ಉತ್ತರ ಮನುಷ್ಯರಲ್ಲಿ ಸಿಗುವುದು ಕಷ್ಟ.

ಇದು ಯಾವ ವೈರಸ್? ಕೇಳಿದ್ದೇ ಇಲ್ಲವಲ್ಲ.

ಅಡೆನೋವೈರಸ್‌ಗಳದು ದೊಡ್ಡ ಕುಟುಂಬ. ಮನುಷ್ಯರಿಗೆ ತಗಲುವ ಬಗೆಗಳೇ ಐವತ್ತಕ್ಕೂ ಹೆಚ್ಚು. ಗಂಟಲು ನೋವು, ಜ್ವರ, ಕಣ್ಣು ಕೆಂಪಾಗುವುದು, ಭೇದಿ ಹೀಗೆ ಒಂದೊಂದು ಬಗೆ ಒಂದೊಂದು ತೊಂದರೆ ಕೊಡುತ್ತದೆ. 36ನೇ ಬಗೆ ಮೊದಲು ಸಿಕ್ಕಿದ್ದು 1978ರಲ್ಲಿ, ಜರ್ಮನಿಯಲ್ಲಿ, ಕರುಳಿನ ಉರಿಯೂತವಿದ್ದ ಆರು ವರ್ಷದ ಹುಡುಗಿಯೊಬ್ಬಳ ಮಲದಲ್ಲಿ. ಬೊಜ್ಜಿಗೂ ಅದಕ್ಕೂ ಏನಾದರೂ ಇರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಹಾಗಾದರೆ ಈ ಅನುಮಾನ ಹುಟ್ಟಿದ್ದು ಎಲ್ಲಿ?

ನಮ್ಮ ದೇಶದಲ್ಲೇ, ಮುಂಬಯಿಯಲ್ಲಿ. 1980ರ ದಶಕದಲ್ಲಿ ಭಾರತದ ಕೋಳಿ ಫಾರಂಗಳಲ್ಲಿ ಒಂದು ಸಾಂಕ್ರಾಮಿಕ ಹಬ್ಬಿ ಕೋಳಿಗಳು ರಾಶಿ ರಾಶಿ ಸತ್ತವು. ಕಾರಣ ಎಸ್‌ಎಂಎಎಂ-1 ಎಂಬ ಹಕ್ಕಿಗಳ ಅಡೆನೋವೈರಸ್. ಪಶುವೈದ್ಯ ವಿಜ್ಞಾನಿ ಎಸ್. ಎಂ. ಅಜಿಂಕ್ಯ ಅವರು ಇದರ ಬಗ್ಗೆ ಮುಂಬಯಿಯಲ್ಲಿ ಬೊಜ್ಜಿನ ಚಿಕಿತ್ಸೆ ಮಾಡುತ್ತಿದ್ದ ಡಾ. ನಿಖಿಲ್ ಧುರಂಧರ್ ಅವರಿಗೆ ಹೇಳುವಾಗ ಬಂದ ಒಂದು ವಿವರ ಧುರಂಧರ್ ಅವರನ್ನು ಹಿಡಿದು ನಿಲ್ಲಿಸಿತು. ಸತ್ತ ಕೋಳಿಗಳ ಹೊಟ್ಟೆಯಲ್ಲಿ ಕೊಬ್ಬು ತುಂಬಿರುತ್ತಿತ್ತು. ಸೋಂಕಿನಿಂದ ಸಾಯುವ ಪ್ರಾಣಿ ಸಾಮಾನ್ಯವಾಗಿ ಸೊರಗಿ ಸಾಯುತ್ತದೆ, ಇವು ಕೊಬ್ಬಿದ್ದವು.

ಆರೋಗ್ಯವಾಗಿದ್ದ ಕೋಳಿಗಳಿಗೆ ಅದೇ ವೈರಸ್ ಚುಚ್ಚಿ ನೋಡಿದಾಗ ಅವುಗಳ ಹೊಟ್ಟೆಯಲ್ಲೂ ಕೊಬ್ಬು ಸೇರಿತು. ಅಷ್ಟೇ ವಿಚಿತ್ರವಾದದ್ದು ಇನ್ನೊಂದು: ಕೊಬ್ಬು ಹೆಚ್ಚಿದರೂ ಅವುಗಳ ರಕ್ತದಲ್ಲಿ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಇಳಿದಿದ್ದವು. ಮುಂಬಯಿಯಲ್ಲಿ ಬೊಜ್ಜಿದ್ದ 52 ಜನರ ರಕ್ತ ಪರೀಕ್ಷಿಸಿದಾಗ 10 ಮಂದಿಯಲ್ಲಿ ಈ ವೈರಸ್ ವಿರುದ್ಧದ ಪ್ರತಿಕಾಯಗಳು (ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳು) ಸಿಕ್ಕವು. ಆ ಹತ್ತು ಜನರ ತೂಕ ಉಳಿದವರಿಗಿಂತ ಹೆಚ್ಚು, ಕೊಲೆಸ್ಟರಾಲ್ ಕಡಿಮೆ. ಕೋಳಿಗಳಲ್ಲಿ ಕಂಡ ಜೋಡಿ ಲಕ್ಷಣವೇ ಇಲ್ಲೂ ಕಂಡಿತು. ಈ ವರದಿ ಪ್ರಕಟವಾದದ್ದು 1997ರಲ್ಲಿ.

ಧುರಂಧರ್ ಅಮೆರಿಕಕ್ಕೆ ಹೋಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಆಟ್ಕಿನ್ಸನ್ ಅವರ ಜೊತೆ ಕೆಲಸ ಮುಂದುವರಿಸಿದರು. ಕೋಳಿ ಕೊಲ್ಲುವ ವೈರಸ್ಸನ್ನು ಆ ದೇಶಕ್ಕೆ ತರಲು ಅನುಮತಿ ಸಿಗಲಿಲ್ಲ. ಬದಲಿಗೆ ಮನುಷ್ಯರ ಅಡೆನೋವೈರಸ್‌ಗಳಲ್ಲಿ 36ನೆಯದನ್ನು ಆರಿಸಿಕೊಂಡರು. ಅದರ ಪ್ರತಿಕಾಯ ಬೇರೆ ಬಗೆಗಳ ಪ್ರತಿಕಾಯದ ಜೊತೆ ಕಲಸಿಹೋಗುವುದಿಲ್ಲ ಅನ್ನುವುದು ಅದನ್ನು ಆರಿಸಲು ಒಂದು ಕಾರಣ. 2000ದಲ್ಲಿ ಕೋಳಿ ಮತ್ತು ಇಲಿಗಳ ಫಲಿತಾಂಶ ಹೊರಬಂತು. ಆಮೇಲೆ ಮಾರ್ಮೊಸೆಟ್ ಎಂಬ ಪುಟ್ಟ ಮಂಗಗಳ ಮೇಲೆ ಪ್ರಯೋಗ ನಡೆಯಿತು. ಸೋಂಕು ತಗಲಿದವು 28 ವಾರಗಳಲ್ಲಿ ಉಳಿದವುಗಳ ಮೂರು ಪಟ್ಟು ತೂಕ ಏರಿಸಿಕೊಂಡವು, ಕೊಲೆಸ್ಟರಾಲ್ ಇಲ್ಲೂ ಇಳಿಯಿತು.

ವೈರಸ್ಸಿಗೂ ಬೊಜ್ಜಿಗೂ ನಂಟು ಕಂಡದ್ದು ಇದೇ ಮೊದಲಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ತಗಲಿದ ಇಲಿಗಳು ದಪ್ಪಗಾದ ವರದಿ 1982ರಷ್ಟು ಹಳೆಯದು. ಅಲ್ಲಿ ಹಾನಿಯಾಗಿದ್ದು ಮಿದುಳಿಗೆ. ಅಡೆನೋವೈರಸ್-36 ನೇರವಾಗಿ ಕೊಬ್ಬಿನ ಅಂಗಾಂಶದಲ್ಲೇ ಕೆಲಸ ಮಾಡುತ್ತದೆ.

ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಏನು ಸಿಕ್ಕಿತು?

ಹೆಚ್ಚು ಸುದ್ದಿಯಾದದ್ದು 2010ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಿಂದ ಬಂದ ಅಧ್ಯಯನ. 8ರಿಂದ 18 ವರ್ಷದ 124 ಮಕ್ಕಳ ರಕ್ತ ಪರೀಕ್ಷಿಸಿದರು. ಬೊಜ್ಜಿದ್ದವರು 67, ಇಲ್ಲದವರು 57. ಮೊದಲ ಗುಂಪಿನಲ್ಲಿ 15 ಮಕ್ಕಳಿಗೆ ಪ್ರತಿಕಾಯ ಇತ್ತು (ಶೇ. 22), ಎರಡನೆಯದರಲ್ಲಿ ನಾಲ್ವರಿಗೆ (ಶೇ. 7). ಬೊಜ್ಜಿರುವ ಮಕ್ಕಳೊಳಗೇ ಹೋಲಿಸಿದರೂ ಪ್ರತಿಕಾಯ ಇದ್ದವರ ಸರಾಸರಿ ತೂಕ ಇಲ್ಲದವರಿಗಿಂತ ಸುಮಾರು 16 ಕೆ.ಜಿ. ಹೆಚ್ಚು.

ಈ 16 ಕೆ.ಜಿ. ಓದಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ತಡೆದು ಅದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ. ಬೊಜ್ಜಿದ್ದ 67 ಮಕ್ಕಳಲ್ಲಿ 52 ಮಕ್ಕಳ ರಕ್ತದಲ್ಲಿ ಈ ವೈರಸ್ಸಿನ ಸುಳಿವೇ ಇರಲಿಲ್ಲ. ಅವರ ಬೊಜ್ಜಿಗೆ ಕಾರಣ ಬೇರೆ. ಇತ್ತ ಪ್ರತಿಕಾಯವಿದ್ದೂ ದಪ್ಪಗಾಗದ ನಾಲ್ವರೂ ಇದ್ದರು. ಒಟ್ಟು 19 ಮಕ್ಕಳ ಮೇಲೆ ನಿಂತ ಲೆಕ್ಕ ಇದು. ಇನ್ನೂ ಮೂರ್ನಾಲ್ಕು ಮಕ್ಕಳ ಫಲಿತಾಂಶ ಆಚೀಚೆ ಆಗಿದ್ದರೆ ಶೇಕಡಾವಾರು ಬಹಳವೇ ಬದಲಾಗುತ್ತಿತ್ತು.

ನಂಟು ಸಿಕ್ಕ ಮೇಲೆ ಕಾರಣ ಅಂತ ಹೇಳಲು ಏನು ಅಡ್ಡಿ?

ಮುಖ್ಯವಾಗಿ ಕಾಲದ ಅಡ್ಡಿ. ಪ್ರತಿಕಾಯ ಎಂದರೆ ಸೋಂಕು ಬಂದುಹೋಯಿತು ಅನ್ನುವ ಗುರುತು ಅಷ್ಟೆ. ಯಾವಾಗ ಬಂತು ಎಂದು ಅದು ಹೇಳುವುದಿಲ್ಲ. ಸೋಂಕು ಬಂದು ಮಗು ದಪ್ಪಗಾಯಿತೋ, ಮೊದಲೇ ದಪ್ಪವಿದ್ದ ಮಗುವಿಗೆ ಸೋಂಕು ಸುಲಭವಾಗಿ ತಗಲಿತೋ? ಬೊಜ್ಜು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂಬುದು ಬೇರೆ ವೈರಸ್‌ಗಳಲ್ಲಿ ಗೊತ್ತಾಗಿರುವ ಸಂಗತಿ. 2009ರ ಎಚ್1ಎನ್1 ಜ್ವರದಲ್ಲಿ ಹೆಚ್ಚು ನರಳಿದವರಲ್ಲಿ ಬೊಜ್ಜಿದ್ದವರು ಎದ್ದು ಕಂಡಿದ್ದರು. ಹಾಗಾಗಿ ಬಾಣದ ಗುರುತನ್ನು ಯಾವ ಕಡೆಗೆ ಹಾಕಬೇಕು ಎಂಬುದೇ ಪ್ರಶ್ನೆ.

ಎಲ್ಲಾ ಕಡೆ ಒಂದೇ ಉತ್ತರವೂ ಬಂದಿಲ್ಲ. ದಕ್ಷಿಣ ಕೊರಿಯಾದ ಮಕ್ಕಳಲ್ಲಿ ನಂಟು ಕಂಡಿತು. ಅಮೆರಿಕದ ಸೇನೆಯ ಸಿಬ್ಬಂದಿಯಲ್ಲಿ ಹುಡುಕಿದಾಗ ಸಿಗಲಿಲ್ಲ, ಅಲ್ಲಿ ತೆಳ್ಳಗಿದ್ದವರಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಪ್ರತಿಕಾಯ ಇತ್ತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಪ್ರತಿಕಾಯ ಇದ್ದವರೇ ವಿರಳ, ನಂಟೂ ಕಾಣಲಿಲ್ಲ.

ನಂಟಿನ ಪರವಾಗಿ ನಮಗೆ ಹೆಚ್ಚು ತೂಕದ್ದೆನಿಸುವುದು ಅವಳಿಗಳ ಲೆಕ್ಕ. 2005ರಲ್ಲಿ ಆಟ್ಕಿನ್ಸನ್, ಧುರಂಧರ್ ತಂಡ ಅವಳಿ ಜೋಡಿಗಳ ರಕ್ತ ನೋಡಿತು. ಒಬ್ಬರಿಗೆ ಪ್ರತಿಕಾಯ ಇದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳಲ್ಲಿ, ಪ್ರತಿಕಾಯ ಇದ್ದವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸರಾಸರಿ 24.5, ಇಲ್ಲದವರದು 23.1. ಮನೆತನ ಒಂದೇ, ಬೆಳೆದ ಮನೆ ಒಂದೇ, ಆದರೂ ಸಣ್ಣ ವ್ಯತ್ಯಾಸ. ಗಮನಿಸಿ, ಸಣ್ಣದು. ಹದಿನಾರು ಕೆ.ಜಿ. ಅಲ್ಲ.

ವೈರಸ್ ಕೊಬ್ಬನ್ನು ಹೆಚ್ಚಿಸುವುದಾದರೂ ಹೇಗೆ?

ನಮ್ಮ ಕೊಬ್ಬಿನ ಅಂಗಾಂಶದಲ್ಲಿ ಇನ್ನೂ ಏನೂ ಆಗಿರದ ಎಳೆಯ ಕೋಶಗಳು ಇರುತ್ತವೆ, ಕಾಂಡಕೋಶಗಳು ಎನ್ನುತ್ತಾರೆ. ಅಮೆರಿಕದ ಲೂಸಿಯಾನದಲ್ಲಿ ಸಂಶೋಧಕರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕೊಬ್ಬಿನಿಂದ ಇಂಥ ಕೋಶಗಳನ್ನು ಬೇರ್ಪಡಿಸಿ, ತಟ್ಟೆಯಲ್ಲಿ ಬೆಳೆಸಿ, ಅರ್ಧಕ್ಕೆ ವೈರಸ್ ಸೇರಿಸಿದರು. ಸುಮಾರು ಒಂದು ವಾರದಲ್ಲಿ ಸೋಂಕು ತಗಲಿದ ಕೋಶಗಳಲ್ಲಿ ಹೆಚ್ಚಿನವು ಕೊಬ್ಬಿನ ಕೋಶಗಳಾಗಿ ಮಾರ್ಪಟ್ಟಿದ್ದವು. ಇಂಥ ತಟ್ಟೆಗೆ ಕೊಬ್ಬಿಗೆ ಮಾತ್ರ ಅಂಟುವ ಕೆಂಪು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶದೊಳಗೆ ಸಾಬೂದಾನಿಯ ಹಾಗೆ ದುಂಡು ದುಂಡಾದ ಹನಿಗಳು ಕೆಂಪಗೆ ಎದ್ದು ಕಾಣುತ್ತವೆ. ಸೋಂಕಿಲ್ಲದ ತಟ್ಟೆಯಲ್ಲಿ ಆ ಬದಲಾವಣೆ ಆಗಲಿಲ್ಲ.

ಈ ಕೆಲಸ ಮಾಡುವುದು ವೈರಸ್ಸಿನ ಒಂದೇ ಒಂದು ವಂಶವಾಹಿ, ಹೆಸರು ಇ4-ಒಆರ್‌ಎಫ್1. ಕೋಶಕ್ಕೆ ಸಕ್ಕರೆ ಒಳಗೆ ಬರಬೇಕಾದರೆ ಇನ್ಸುಲಿನ್ ಬಾಗಿಲು ತಟ್ಟಬೇಕು. ಈ ವಂಶವಾಹಿಯ ಪ್ರೋಟೀನು ಇನ್ಸುಲಿನ್‌ಗೆ ಕಾಯದೆ, ಒಳಗಿನಿಂದಲೇ ಚಿಲಕ ತೆಗೆಯುತ್ತದೆ. ಸಕ್ಕರೆ ಒಳಬರುತ್ತದೆ, ಕೊಬ್ಬಾಗಿ ಕೂರುತ್ತದೆ. ಜೊತೆಗೆ ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನನ್ನು ಕೊಬ್ಬಿನ ಕೋಶಗಳು ಕಡಿಮೆ ಸುರಿಸುತ್ತವೆ. ನೆಗಡಿ ವಾಸಿಯಾದರೂ ಹೊಸದಾಗಿ ಹುಟ್ಟಿದ ಕೊಬ್ಬಿನ ಕೋಶಗಳು ಉಳಿದುಬಿಡುತ್ತವೆ ಎಂಬುದು ವಾದ.

ಸಕ್ಕರೆ ಕೋಶದೊಳಗೆ ಹೋಗುತ್ತದೆ ಅಂದರೆ ಅದು ಒಳ್ಳೆಯದೇ ಅಲ್ಲವೇ?

ಒಂದು ಲೆಕ್ಕದಲ್ಲಿ ಹೌದು. ಪ್ರತಿಕಾಯ ಇರುವವರಲ್ಲಿ ರಕ್ತದ ಸಕ್ಕರೆ ಮಟ್ಟ ಉತ್ತಮವಾಗಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಆ ಪ್ರೋಟೀನನ್ನೇ ಮಧುಮೇಹದ ಔಷಧಿಯಾಗಿ ಬಳಸಬಹುದೇ ಎಂದು ಧುರಂಧರ್ ಅವರೇ ಆಮೇಲೆ ಇಲಿಗಳಲ್ಲಿ ಪ್ರಯತ್ನಿಸಿದರು. ಅದಿನ್ನೂ ಪ್ರಯೋಗಾಲಯದ ಮಾತು.

ನಮ್ಮ ಮಗುವಿಗೆ ಈ ವೈರಸ್ಸಿನ ರಕ್ತಪರೀಕ್ಷೆ ಮಾಡಿಸಬೇಕೇ?

ಬೇಡ. ಸರಿಯಾದ ಪರೀಕ್ಷೆ ಮಾಡುವುದು ಹೀಗೆ: ರಕ್ತದ ಸೀರಮ್ಮನ್ನು ಹಂತ ಹಂತವಾಗಿ ತೆಳು ಮಾಡಿ, ಜೀವಂತ ವೈರಸ್ ಜೊತೆ ಬೆರೆಸಿ, ಪ್ರಯೋಗಾಲಯದ ಜೀವಕೋಶಗಳ ಮೇಲೆ ಹಾಕಿ ದಿನಗಟ್ಟಲೆ ಕಾಯುತ್ತಾರೆ. ಎಂಟು ಪಟ್ಟು ಅಥವಾ ಅದಕ್ಕೂ ಹೆಚ್ಚು ತೆಳು ಮಾಡಿದ ಮೇಲೂ ಸೀರಮ್ ಆ ಕೋಶಗಳನ್ನು ವೈರಸ್ಸಿನಿಂದ ಕಾಪಾಡಿದರೆ ಪ್ರತಿಕಾಯ ಇದೆ ಎಂದು ಲೆಕ್ಕ. ಇದು ಸಂಶೋಧನೆಯ ಕೆಲಸ, ಬೀದಿ ಕೊನೆಯ ಲ್ಯಾಬಿನದಲ್ಲ. ಬೇಗ ಮುಗಿಯುವ ಎಲೈಸಾ ಪರೀಕ್ಷೆಗಳಲ್ಲಿ ಬೇರೆ ಅಡೆನೋವೈರಸ್ ಪ್ರತಿಕಾಯವನ್ನು ಇದೆಂದು ತಪ್ಪು ತಿಳಿಯುವ ಅಪಾಯ ಉಂಟು.

ಅದಕ್ಕಿಂತ ಮುಖ್ಯವಾಗಿ, ಫಲಿತಾಂಶ ಪಾಸಿಟಿವ್ ಬಂದರೂ ಚಿಕಿತ್ಸೆಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ಆ ಹಣಕ್ಕೆ ಮನೆಗೊಂದು ಒಳ್ಳೆಯ ಡಿಜಿಟಲ್ ತೂಕದ ಯಂತ್ರ ತನ್ನಿ.

ವೈರಲ್ ಜ್ವರ ಬಂದು ಹೋದ ಮೇಲೆ ನಮ್ಮ ಮಗ ದಪ್ಪಗಾದ. ಅದೇ ಕಾರಣ ಇರಬಹುದಾ?

ಮೊದಲು ಔಷಧಿ ಚೀಟಿ ತೆಗೆದು ನೋಡಿ. ವೀಜಿಂಗ್, ಉಬ್ಬಸಕ್ಕೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸಿರಪ್ ಅಥವಾ ಮಾತ್ರೆ ಕೊಟ್ಟಿದ್ದರೇ? ಮೂರರಿಂದ ಐದು ದಿನದ ಕೋರ್ಸಿನಿಂದ ಹಸಿವು ಹೆಚ್ಚಾಗಬಹುದು, ಆದರೆ ಬೊಜ್ಜು ಬರುವುದಿಲ್ಲ. ಹಳೇ ಚೀಟಿ ತೋರಿಸಿ ಅದನ್ನೇ ಮತ್ತೆ ಮತ್ತೆ ಮೆಡಿಕಲ್ ಶಾಪಿನಿಂದ ತಂದು ವಾರಗಟ್ಟಲೆ ಕೊಟ್ಟರೆ ಖಂಡಿತ ಬರುತ್ತದೆ. ಮುಖ ದುಂಡಗಾಗುತ್ತದೆ, ಎತ್ತರ ನಿಂತುಹೋಗುತ್ತದೆ. ಹೀಗೆ ಆಗಿದ್ದರೆ ಔಷಧಿಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಯನ್ನು ನಿಲ್ಲಿಸಿರುತ್ತದೆ, ಡಾಕ್ಟರ ಕೈಯಲ್ಲೇ ನಿಧಾನವಾಗಿ ಇಳಿಸಬೇಕು.

ಎರಡನೆಯದು ನಮ್ಮ ಪ್ರೀತಿ. ‘ಜ್ವರ ಬಂದು ಮಗು ಕಡ್ಡಿ ಆಗಿದೆ’ ಎಂದು ಅಜ್ಜಿ ಬಾಯಿಗೆ ತುಪ್ಪದ ಅನ್ನ, ಅಪ್ಪ ಕೈಗೆ ಜ್ಯೂಸು, ಹಾಲಿಗೆ ಎರಡು ದೊಡ್ಡ ಚಮಚ ಮಾಲ್ಟ್ ಪುಡಿ. ಜ್ವರದಲ್ಲಿ ಇಳಿದ ಒಂದು ಕೆ.ಜಿ. ಎರಡು ಮೂರು ವಾರದಲ್ಲಿ ಮಾಮೂಲಿ ಊಟದಿಂದಲೇ ವಾಪಸ್ ಬರುತ್ತದೆ. ಆದರೆ ಶುರುವಾದ ಉಪಚಾರ ನಿಲ್ಲುವುದೇ ಇಲ್ಲ. ಒಂದು ದೊಡ್ಡ ಚಮಚ ಗ್ಲುಕೋಸ್ ಪುಡಿ ಸುಮಾರು 15 ಗ್ರಾಂ, ಅಂದರೆ ಹತ್ತಿರ ಹತ್ತಿರ 60 ಕ್ಯಾಲೊರಿ. 200 ಮಿ.ಲೀ. ಕೋಲಾದಲ್ಲಿ ಸುಮಾರು 21 ಗ್ರಾಂ ಸಕ್ಕರೆ, 85 ಕ್ಯಾಲೊರಿ. ಎರಡೂ ಸೇರಿದರೆ ದಿನಕ್ಕೆ 145. ಒಂದು ಕೆ.ಜಿ. ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂಬ ಒರಟು ಲೆಕ್ಕದಲ್ಲಿ, ಎರಡು ತಿಂಗಳೊಳಗೆ ಒಂದು ಕೆ.ಜಿ. ಏರುತ್ತದೆ. ಯಾವ ವೈರಸ್ಸೂ ಬೇಕಾಗಲಿಲ್ಲ.

ಮೂರನೆಯದು, ಜ್ವರದಲ್ಲಿ ಸಮಾಧಾನಕ್ಕೆಂದು ಕೊಟ್ಟ ಮೊಬೈಲು ಜ್ವರ ಬಿಟ್ಟ ಮೇಲೂ ಕೈ ಬಿಡದಿರುವುದು.

ದಪ್ಪ ಇರುವ ಮಗುವಿನ ಜೊತೆ ಆಡಿದರೆ ನಮ್ಮ ಮಗುವಿಗೂ ಅಂಟುತ್ತದೆಯೇ?

ಇಲ್ಲ. ದಯವಿಟ್ಟು ಈ ಮಾತು ಮನೆಯಲ್ಲಾಗಲಿ ಶಾಲೆಯ ಗೇಟಿನ ಹತ್ತಿರವಾಗಲಿ ಬರದಂತೆ ನೋಡಿಕೊಳ್ಳಿ. ಅಡೆನೋವೈರಸ್ ಹರಡುವುದು ಮುಖ್ಯವಾಗಿ ಸೋಂಕಿನ ದಿನಗಳಲ್ಲಿ ಮತ್ತು ಆಮೇಲೆ ಕೆಲಕಾಲ, ಕೆಮ್ಮು-ಸೀನು, ಕಣ್ಣೀರು ಮತ್ತು ಮಲದ ಮೂಲಕ. ಮಗುವಿನ ಮೈತೂಕ ನೋಡಿ ಸೋಂಕು ಇದೆ ಇಲ್ಲ ಎಂದು ಹೇಳಲು ಬರುವುದೇ ಇಲ್ಲ. ‘ಡುಮ್ಮ’ ಅನ್ನಿಸಿಕೊಂಡು ಈಗಾಗಲೇ ನೊಂದ ಮಗುವನ್ನು ಆಟದಿಂದಲೂ ದೂರ ತಳ್ಳಿದರೆ, ಅದಕ್ಕೆ ಬೇಕಾದ ಓಡಾಟವನ್ನೇ ಕಿತ್ತುಕೊಂಡಂತೆ.

ಕೋಳಿ ಮಾಂಸ, ಮೊಟ್ಟೆಯಿಂದ ಬರುತ್ತದೆಯೇ?

ಅಡೆನೋವೈರಸ್-36 ಮನುಷ್ಯರ ವೈರಸ್. ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಲ್ಲಿ ಹಕ್ಕಿಗಳ ಅಡೆನೋವೈರಸ್ಸೂ ಬದುಕುವುದಿಲ್ಲ. ತಿನ್ನುವವರು ನಿಶ್ಚಿಂತೆಯಿಂದ ತಿನ್ನಬಹುದು.

ಅಡೆನೋವೈರಸ್ ತಗಲದಂತೆ ಏನು ಮಾಡಬಹುದು? ಲಸಿಕೆ ಇದೆಯೇ?

36ಕ್ಕೆ ಲಸಿಕೆ ಇಲ್ಲ. ಅಮೆರಿಕದ ಸೇನೆಯವರಿಗೆ ಕೊಡುವ ಬಾಯಿ ಲಸಿಕೆ 4 ಮತ್ತು 7ನೇ ಬಗೆಗಳಿಗೆ ಮಾತ್ರ.

ಈ ವೈರಸ್‌ಗಳಿಗೆ ಹೊರಗೆ ಕೊಬ್ಬಿನ ಪದರ ಇಲ್ಲ. ಆಲ್ಕೊಹಾಲ್ ಸ್ಯಾನಿಟೈಸರ್ ಕೊರೋನಾ ವೈರಸ್ಸಿನಂಥವನ್ನು ಸುಲಭವಾಗಿ ಕೊಲ್ಲುವುದು ಆ ಪದರವನ್ನು ಒಡೆದೇ. ಆದ್ದರಿಂದ ಇಲ್ಲಿ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ಹರಿಯುವ ನೀರಿನಲ್ಲಿ ತೊಳೆಯಬೇಕು, ಉಗುರಿನ ಸಂದು ಬಿಡಬಾರದು. ಮನೆಯಲ್ಲಿ ಭೇದಿಯೋ ಕೆಂಗಣ್ಣೋ ಬಂದಾಗ ಟವೆಲು ಬೇರೆ ಇಡಿ. ಬಚ್ಚಲಿನ ನಲ್ಲಿ, ಬಾಗಿಲ ಹಿಡಿಗಳನ್ನು ಬ್ಲೀಚ್ ನೀರಿನಿಂದ ಒರೆಸಿ: ಶೇ. 5ರ ಬ್ಲೀಚ್ ದ್ರಾವಣ 20 ಮಿ.ಲೀ., ನೀರು ಒಂದು ಲೀಟರ್, ಹತ್ತು ನಿಮಿಷ ಬಿಟ್ಟು ನೀರಿನಿಂದ ಮತ್ತೆ ಒರೆಸಬೇಕು. ಆಯಾ ದಿನದ್ದು ಆಯಾ ದಿನವೇ ಕಲಸಿಕೊಳ್ಳಿ, ನಿಂತರೆ ಸತ್ವ ಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ, ಎಂದೂ ಬೆರೆಸಬಾರದು.

ಕೋವಿಡ್ ಕಾಲದಲ್ಲಿ ಮಕ್ಕಳು ದಪ್ಪಗಾದರಲ್ಲ, ಅದೂ ವೈರಸ್ಸಿನಿಂದಲೇ?

ವೈರಸ್ಸಿನಿಂದಲ್ಲ, ಬಾಗಿಲು ಹಾಕಿದ್ದರಿಂದ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ 2ರಿಂದ 19 ವರ್ಷದ 4,32,302 ಮಕ್ಕಳ ದಾಖಲೆ ನೋಡಿದಾಗ ಬಿಎಂಐ ಏರುವ ವೇಗ ತಿಂಗಳಿಗೆ 0.052ರಿಂದ 0.100ಕ್ಕೆ, ಅಂದರೆ ಸುಮಾರು ದುಪ್ಪಟ್ಟಾಗಿತ್ತು. ಶಾಲೆ ಮುಚ್ಚಿ, ಆಟ ನಿಂತು, ನಿದ್ದೆಯ ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಪುರಾವೆ ಬೇರೆ ಸಿಗಲಾರದು.

ಮಗುವಿಗೆ ನಿಜವಾಗಿ ಬೊಜ್ಜಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಕಣ್ಣಳತೆ ನಂಬಬೇಡಿ. ಎತ್ತರ ತಪ್ಪಾಗಿ ಅಳೆಯುವುದೇ ಸಾಮಾನ್ಯವಾಗಿ ಆಗುವ ಎಡವಟ್ಟು. ಚಪ್ಪಲಿ ತೆಗೆದು, ಜಡೆ-ತುರುಬು ಬಿಚ್ಚಿ, ಹಿಮ್ಮಡಿ, ಪೃಷ್ಠ, ತಲೆಯ ಹಿಂಭಾಗ ಗೋಡೆಗೆ ತಾಗುವಂತೆ ನಿಲ್ಲಿಸಿ. ಮಗು ನೇರ ಎದುರಿಗೆ ನೋಡಬೇಕು. ಗಟ್ಟಿ ರಟ್ಟಿನ ಪುಸ್ತಕವನ್ನು ನೆತ್ತಿಯ ಮೇಲೆ ಒತ್ತಿ, ಅದರ ಒಂದು ಅಂಚು ಗೋಡೆಗೆ ಪೂರ್ತಿ ಕೂತಿದೆಯೇ ನೋಡಿ ಪೆನ್ಸಿಲ್ ಗುರುತು ಹಾಕಿ. ಮಗುವನ್ನು ಸರಿಸಿ ಟೇಪಿನಲ್ಲಿ ಅಳೆಯಿರಿ. ಎರಡು ಸಲ ಮಾಡಿ. ತೂಕ ಬೆಳಿಗ್ಗೆ, ಶೌಚ ಮುಗಿದ ಮೇಲೆ, ತೆಳು ಬಟ್ಟೆಯಲ್ಲಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ.

ಬಿಎಂಐ ಲೆಕ್ಕ: 10 ವರ್ಷದ ಹುಡುಗ, ಎತ್ತರ 138 ಸೆಂ.ಮೀ., ತೂಕ 46 ಕೆ.ಜಿ. 1.38ನ್ನು 1.38ರಿಂದ ಗುಣಿಸಿದರೆ 1.90. 46ನ್ನು 1.90ರಿಂದ ಭಾಗಿಸಿದರೆ ಸುಮಾರು 24. ದೊಡ್ಡವರಲ್ಲಿ 24 ಎಂದರೆ ಯಾರೂ ಬೊಜ್ಜು ಅನ್ನುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ವಯಸ್ಸಿನ ಹುಡುಗರಿಗೆ 18.5 ದಾಟಿದರೆ ಅಧಿಕ ತೂಕ, 21.4 ದಾಟಿದರೆ ಬೊಜ್ಜು. ಅದಕ್ಕೇ ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಚಾರ್ಟ್ ಬೇಕೇ ಬೇಕು. ನಮ್ಮ ಮಕ್ಕಳಿಗೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಕೊಟ್ಟ 5ರಿಂದ 18 ವರ್ಷದ ಚಾರ್ಟ್ ಇದೆ, ಮಕ್ಕಳ ಡಾಕ್ಟರ ಹತ್ತಿರ ಕೇಳಿ. ಸೊಂಟದ ಸುತ್ತಳತೆಯನ್ನೂ ನೋಡಿ: ಎತ್ತರದ ಅರ್ಧಕ್ಕಿಂತ ಹೆಚ್ಚಿರಬಾರದು. ಈ ಹುಡುಗನಿಗೆ ಮಿತಿ 69 ಸೆಂ.ಮೀ. ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು. ದಿನಾ ತೂಕದ ಯಂತ್ರ ಹತ್ತಿಸಿ ಮಗುವನ್ನು ಹೆದರಿಸಬೇಡಿ.

ವೈರಸ್ ಪಾತ್ರ ಇದ್ದರೆ ಊಟ, ಆಟ ಸರಿ ಮಾಡಿ ಏನು ಪ್ರಯೋಜನ?

ವೈರಸ್ ಕೊಬ್ಬಿನ ಚೀಲಗಳನ್ನು ಹೆಚ್ಚಿಸಿದರೂ ಅವುಗಳಿಗೆ ತುಂಬುವ ಸರಕು ತಟ್ಟೆಯಿಂದಲೇ ಬರಬೇಕು. ದಿನಕ್ಕೆ 60 ನಿಮಿಷ ಉಸಿರು ಏರುವಂಥ ಆಟ. 6ರಿಂದ 12 ವರ್ಷದವರಿಗೆ 9–12 ಗಂಟೆ, 13ರಿಂದ 18ರವರಿಗೆ 8–10 ಗಂಟೆ ನಿದ್ದೆ. ಸಿಹಿ ಪಾನೀಯ ಮನೆಗೆ ತರದಿರುವುದು. ಬೆಳೆಯುವ ಮಕ್ಕಳಲ್ಲಿ ತೂಕ ಇಳಿಸುವುದೇ ಗುರಿಯಾಗಬೇಕಿಲ್ಲ, ಎಷ್ಟೋ ಸಲ ತೂಕವನ್ನು ಇದ್ದಲ್ಲಿ ನಿಲ್ಲಿಸಿದರೆ ಎತ್ತರ ಬಂದು ಸರಿಹೋಗುತ್ತದೆ. ಇದನ್ನು ಇಡೀ ಮನೆ ಮಾಡಬೇಕು. ಅಣ್ಣನಿಗೆ ಚಿಪ್ಸ್, ತಂಗಿಗೆ ಸೌತೆಕಾಯಿ ಎಂದರೆ ಒಂದು ವಾರವೂ ನಡೆಯುವುದಿಲ್ಲ, ನಡೆಯಬಾರದು ಕೂಡ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು, ಏನು ತೆಗೆದುಕೊಂಡು ಹೋಗಬೇಕು?

ದಪ್ಪಗಾಗುತ್ತಾ ಎತ್ತರ ನಿಂತಿದ್ದರೆ ತಡ ಮಾಡಬೇಡಿ. ಬರೀ ಊಟದಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ಎತ್ತರವಾಗೇ ಇರುತ್ತಾರೆ. ಗಿಡ್ಡವಾಗಿ ದಪ್ಪ ಇದ್ದರೆ ಥೈರಾಯ್ಡ್ ಅಥವಾ ಬೇರೆ ಹಾರ್ಮೋನಿನ ತೊಂದರೆ ಹುಡುಕಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಎಷ್ಟು ಉಜ್ಜಿದರೂ ಹೋಗದ ಮಖಮಲ್ಲಿನಂಥ ಕಪ್ಪು ಇದ್ದರೆ ಅದು ಕೊಳೆಯಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಗುರುತು. ಜೋರು ಗೊರಕೆ ಹೊಡೆದು ಮಧ್ಯೆ ಉಸಿರು ನಿಂತಂತಾಗುವುದು, ತಲೆನೋವಿನ ಜೊತೆ ದೃಷ್ಟಿ ಮಂಜಾಗುವುದು, ಮಿದುಳು ಜ್ವರದಿಂದ ಎದ್ದ ಮಗುವಿಗೆ ಆಮೇಲೆ ತಡೆಯಲಾರದ ಹಸಿವು ಶುರುವಾಗುವುದು ಕೂಡ ಕೂಡಲೇ ತೋರಿಸಬೇಕಾದವು.

ಹೋಗುವಾಗ ಲಸಿಕೆ ಕಾರ್ಡು, ಶಾಲೆಯಲ್ಲಿ ಬರೆದ ಹಳೇ ಎತ್ತರ-ತೂಕ, ಕಳೆದ ಒಂದು ವರ್ಷದ ಎಲ್ಲಾ ಔಷಧಿ ಚೀಟಿಗಳು, ಮೂರು ದಿನ ಮಗು ತಿಂದದ್ದು ಕುಡಿದದ್ದರ ಪಟ್ಟಿ ಜೊತೆಗಿರಲಿ. ಆ ಮೂರರಲ್ಲಿ ಒಂದು ದಿನ ಭಾನುವಾರವಾಗಿರಲಿ, ಭಾನುವಾರದ ಊಟ ಬೇರೆಯೇ ಇರುತ್ತದೆ.